ಕೊಳವೆಯ ಆಚೆ ಈಚೆ

ಮೊದಲ ತೊಡಕು: ನಮ್ಮ ಮನೆಗೆ ಮೂಲೆಯೇ ಇಲ್ಲ.
ಉಲಾನ್‌ಬಾತರಿನ ಬಡಗಣ ಗುಡ್ಡದಲ್ಲಿ
ಬೇಲಿಗೆ ಬೇಲಿ ಒರಗಿಸಿ ನಿಂತ ದುಂಡು ಗುಡಾರಗಳಲ್ಲಿ
ನಮ್ಮದೂ ಒಂದು. ಜಾಲರಿ ಗೋಡೆ, ಮೇಲೆ ಎರಡು ಪದರ ಉಣ್ಣೆ,
ನಟ್ಟನಡುವೆ ಒಲೆ; ಒಲೆಯಿಂದೆದ್ದು
ನೆತ್ತಿಯ ಕಿಂಡಿಯಲ್ಲಿ ಹೊರಬೀಳುವ ತಗಡಿನ ಕೊಳವೆ.
ಚಪ್ಪಟೆ ಟೀವಿ ದುಂಡು ಗೋಡೆಗೆ ಹೇಗೆ ಒರಗೀತು?
ಜಮ್ಯಾನ್ ಅಂದ: ಮೊದಲು ಕೊಳ್ಳೋಣ,
ಆಮೇಲೆ ಗೋಡೆಯನ್ನು ಕೇಳೋಣ.

ಹಳೆಯದು ಹದಿನಾಲ್ಕಿಂಚು, ಬೆನ್ನಿಗೊಂದು ಡುಬ್ಬ.
ಒಲೆಯ ಈಚೆಗೆ ಎಳೆದು ಕೂತರೂ
ಅದರೊಳಗೆ ಕುದುರೆಗಳೆಲ್ಲ ಇರುವೆ,
ಜಟ್ಟಿಗಳು ಎರಡು ಉದ್ದಿನಕಾಳು.
"ಯಾರು ಬಿದ್ದ?" ಅತ್ತೆ ಕೇಳುತ್ತಾಳೆ,
ಬಿದ್ದವನು ಮೈ ಕೊಡವಿಕೊಂಡು ಮನೆ ಸೇರಿದ ಮೇಲೆ.
ಬಯಲಲ್ಲಿ ಬಲಿತ ಕಣ್ಣು ಅವಳದು:
ಎರಡು ಗುಡ್ಡದಾಚೆಯ ಸವಾರ ಯಾರ ಮಗನೆಂದು ಹೇಳಿಯಾಳು,
ಕೈಗಿಟ್ಟ ಸೂಜಿಯ ಕಣ್ಣು ಕಾಣಳು.

ಮಂಚದಿಂದ ಎದುರು ಗೋಡೆಗೆ
ನನ್ನ ನಡುಪಟ್ಟಿ ಒಂದೂವರೆ ಸಲ.
ಗಂಟು ಹಾಕಿ ಗುರುತು ಮಾಡಿ
ಅದನ್ನೇ ಸುತ್ತಿಕೊಂಡು ಬಸ್ಸು ಹತ್ತಿದೆ.

ಅಂಗಡಿಯಲ್ಲಿ ನಲವತ್ತು ಪರದೆ, ನಲವತ್ತರಲ್ಲೂ ಒಂದೇ ಗಿಳಿ,
ಒಂದೊಂದರಲ್ಲಿ ಒಂದೊಂದು ಹಸಿರು.
ಮೀಸೆ ಚಿಗುರುತ್ತಿದ್ದ ಹುಡುಗ
ಬೇರೆಯವರ ಕುರಿ ಎಣಿಸಿದ ಹಾಗೆ
ಪಿಕ್ಸೆಲ್ಲುಗಳನ್ನು ಲಕ್ಷ ಲಕ್ಷ ಎಣಿಸಿದ.
"ಎಷ್ಟು ದೂರ ಕೂರ್ತೀರಿ?"
ನಡುಪಟ್ಟಿ ಬಿಚ್ಚಿ ನೆಲಕ್ಕೆ ಹಾಸಿದೆ.
ಅದರ ಪಕ್ಕ ಹೆಜ್ಜೆ ಹಾಕಿ ನೋಡಿ ಅವನೆಂದ:
ನಲವತ್ತಮೂರು ಇಂಚು, ಒಂಬತ್ತು ಲಕ್ಷ ತುಗ್ರಿಕ್, ಸಾಕು ನಿಮಗೆ.
ನಮ್ಮ ಹತ್ತಿರ ಇದ್ದದ್ದು ಹತ್ತು,
ಅದರಲ್ಲಿ ಮಾಗಿಯ ಕಲ್ಲಿದ್ದಲೂ ಸೇರಿ.

ಆಗ ನಾಮುನ್, ಏಳು ವರ್ಷ, ಮೂಗೊರೆಸಿಕೊಳ್ಳುತ್ತ:
"ಮತ್ತೆ ಕೊಳವೆ?"

ಹೌದಲ್ಲ!
ಮಂಚಕ್ಕೂ ಗೋಡೆಗೂ ನಡುವೆ
ಸೊಂಟಕ್ಕೆ ಕೈಕೊಟ್ಟು ನಿಂತ ನೆಂಟನಂತೆ ಅದೊಂದು ಇದೆಯಲ್ಲ.
ಟೀವಿ ಚಿಕ್ಕದಾದರೆ ಕೊಳವೆಯೇ ನುಂಗೀತು;
ದೊಡ್ಡದಾದರೆ ಅದರ ಪಾಲು ಅದಕ್ಕೆ, ಮಿಕ್ಕದ್ದು ನಮಗೆ.
ಹಾಸಿಗೆ ಇದ್ದಷ್ಟು ಕಾಲು ಚಾಚು, ಸರಿ.
ಕೊಳವೆ ನೋಡಿ ಟೀವಿ ಕೊಳ್ಳು ಅಂತ
ಯಾವ ಹಿರಿಯರೂ ಹೇಳಿರಲಿಲ್ಲ.

ಮೂಲೆಯಲ್ಲೊಂದು ಐವತ್ತೈದು.
ಎರಡು ವರ್ಷ ಗಿಳಿಯನ್ನೇ ತೋರಿಸಿ ದಣಿದದ್ದು,
ಚೌಕಟ್ಟಿನಲ್ಲಿ ಹೆಬ್ಬೆರಳಷ್ಟು ತಗ್ಗು. ಹನ್ನೊಂದೂವರೆ ಲಕ್ಷ.
ಜಮ್ಯಾನ್ ಟೋಪಿ ತೆಗೆದು ಕೈಯಲ್ಲಿ ಹಿಡಿದ;
ಅವನ ಚೌಕಾಸಿಯೆಲ್ಲ ಅಷ್ಟೇ.
ನಾನು ತಗ್ಗಿನ ಮೇಲೆ ಬೆರಳಿಟ್ಟೆ, ತೆಗೆಯಲಿಲ್ಲ.
ಹತ್ತಕ್ಕೆ ಇಳಿಯಿತು.
ಕಲ್ಲಿದ್ದಲಿಗೆ, ಅಣ್ಣನನ್ನು ಕೇಳಬೇಕು.

ಡಬ್ಬ ಬಾಗಿಲಲ್ಲಿ ಹಿಡಿಸಲಿಲ್ಲ. ಹೊರಗೆ ಮೈನಸ್ ಇಪ್ಪತ್ತೆಂಟು.
ಹಿಮದಲ್ಲೇ ಡಬ್ಬ ಸೀಳಿ, ಓರೆ ಹಿಡಿದು,
ಹೆಣ್ಣುಕುರಿಗೆ ಹೆರಿಗೆ ಮಾಡಿಸುವಂತೆ ಮೆಲ್ಲಮೆಲ್ಲಗೆ ಒಳಗೆ.
"ಹೊಸ್ತಿಲಿಗೆ ತಾಗಿಸೀರಿ!" ಅತ್ತೆ ಕೂಗಿದಳು.
ತಾಗಲಿಲ್ಲ. ಜಮ್ಯಾನನ ಗೆಣ್ಣು ತರಚಿತು, ಅಷ್ಟೇ.
ಚಳಿ ಬಿಡುವ ತನಕ ಹಚ್ಚಬೇಡಿ ಅಂದಿದ್ದ ಹುಡುಗ;
ಹೊರಗಿಂದ ತಂದ ಕರುವಿನ ಮೈಯಂತೆ
ಪರದೆ ಬೆವರುತ್ತಿತ್ತು.
ಮೂರು ಗಂಟೆ, ಉಪ್ಪು ಹಾಕಿದ ಹಾಲು-ಚಹಾ, ಕಾದೆವು.
ರಟ್ಟಿನ ಡಬ್ಬ ಆಗಲೇ
ನಾಮುನಳ ಹಾಸಿಗೆಯ ಅಡಿಗೆ ಹೋಗಿತ್ತು.

ಗೋಡೆ ಏನನ್ನೂ ಹೇಳಲಿಲ್ಲ; ಪೆಟ್ಟಿಗೆಯ ಮೇಲೆ ನಿಲ್ಲಿಸಿದೆವು.
ಬೇಸಿಗೆಯ ಓಟವನ್ನು ಮತ್ತೆ ಹಾಕಿದ್ದರು.
ಧೂಳು, ಬಾಲ, ಪುಟ್ಟ ಸವಾರರ ಕೆಂಪು ಟೋಪಿ.
ಅತ್ತೆ ಮಾತಾಡಲಿಲ್ಲ.
ಬಲಗಿವಿ ಸೀಳಿದ ಒಂದು ಕಂದು ಕುದುರೆಯನ್ನು ಹಿಡಿದಳು ಕಣ್ಣಲ್ಲೇ.
ಅದು ಓಡುತ್ತ ಓಡುತ್ತ
ಕೊಳವೆಯ ಹಿಂದೆ ಹೋಯಿತು.
ಅತ್ತೆಯ ಕೈಯ ಬಟ್ಟಲು ಅಲ್ಲೇ ನಿಂತಿತು,
ತುಟಿಗೂ ಮಡಿಲಿಗೂ ನಡುವೆ,
ಕುದುರೆ ಈಚೆಗೆ ಬರುವ ತನಕ.